ಪಡುವಣ ಬಾಗಿಲಿನ ಕೂಸುಗಳು

ಚನ್ನವೀರ ಎಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ: “ಬುದ್ಧಿ, ಸಮುದ್ರದಾಚೆ ಹಿಂದೆ ಒಂದು ದೊಡ್ಡ ಸಾಮ್ರಾಜ್ಯವಿತ್ತಂತೆ. ಅದಕ್ಕೆ ದಂಡಿತ್ತು, ಕಲ್ಲು ಹಾಸಿದ ದಾರಿಗಳಿದ್ದವು, ಊರಿಗೆ ಹತ್ತು ಗುಡಿಗಳಿದ್ದವು. ಯೇಸುವನ್ನು ನಂಬಿದವರ ಹತ್ತಿರ ಏನೂ ಇರಲಿಲ್ಲ. ಆಳುಗಳು, ವಿಧವೆಯರು, ಬಟ್ಟೆ ಒಗೆಯುವವರು. ಸಾಮ್ರಾಜ್ಯ ಅವರನ್ನು ಹಿಡಿಯಿತು, ಹೊಡೆಯಿತು, ಕೊಂದಿತು. ಆದರೂ ಅದು ಕುಸಿಯುತ್ತ ಹೋಯಿತು, ಇವರು ಬೆಳೆಯುತ್ತ ಹೋದರು. ಇವರ ಕೈಯಲ್ಲಿ ಅಂಥದ್ದೇನಿತ್ತು?”

ಗುರುಗಳು ನಕ್ಕರು. “ಏನೋ ಬಚ್ಚಿಟ್ಟಿದ್ದರು ಅಂತ ನಿನಗೂ ಅನುಮಾನವೇನು? ಅಲ್ಲಿಯ ಒಬ್ಬ ಅಧಿಕಾರಿಗೂ ಇದೇ ಅನುಮಾನ ಬಂದಿತ್ತು. ಅವನ ಕತೆ ಹೇಳುತ್ತೇನೆ, ಕೇಳು.”

ಆ ಸಾಮ್ರಾಜ್ಯದಲ್ಲಿ ಒಂದು ಊರು. ಊರಿಗೆ ವಯಸ್ಸಾಗಿತ್ತು. ಚೌಕದ ಕಾರಂಜಿ ಬತ್ತಿ ಎಷ್ಟೋ ವರ್ಷವಾಗಿತ್ತು. ಆದರೂ ಹೆಂಗಸರು ಅಭ್ಯಾಸಬಲದಿಂದ ಕೊಡ ಹಿಡಿದು ಅಲ್ಲಿಗೆ ಹೋಗುತ್ತಿದ್ದರು, ಸ್ವಲ್ಪ ಹೊತ್ತು ನಿಂತು ಮಾತಾಡುತ್ತಿದ್ದರು, ಖಾಲಿ ಕೊಡ ಹೊತ್ತು ಮನೆಗೆ ಬರುತ್ತಿದ್ದರು. ಬೀದಿಯ ಎರಡೂ ಬದಿಗೆ ಹಳೆಯ ಚಕ್ರವರ್ತಿಗಳ ಕಲ್ಲಿನ ಮೂರ್ತಿಗಳಿದ್ದವು. ಜನ ದಾಟುವಾಗ ತಲೆ ಬಾಗಿಸುತ್ತಿದ್ದರು. ಯಾವ ಚಕ್ರವರ್ತಿ ಎಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಇಡೀ ಊರು ಮಲಗುತ್ತಿತ್ತು. ಎದ್ದ ಮೇಲೂ ಪೂರ್ತಿ ಎದ್ದಂತೆ ಕಾಣುತ್ತಿರಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕೂಸು ಹುಟ್ಟಿದರೆ ಅದನ್ನು ನೆಲದ ಮೇಲೆ ಮಲಗಿಸುತ್ತಿದ್ದರು. ಮನೆಯ ಹಿರಿಯ ಬಂದು ನೋಡುತ್ತಿದ್ದ. ಅವನು ಬಗ್ಗಿ ಎತ್ತಿಕೊಂಡರೆ ಅದು ಆ ಮನೆಯ ಮಗು. ಎತ್ತದೆ ಹೋದರೆ ಅದು ಹುಟ್ಟಲೇ ಇಲ್ಲ. ಆಳು ಅದನ್ನು ಬಟ್ಟೆಯಲ್ಲಿ ಸುತ್ತಿ ಪಡುವಣ ಬಾಗಿಲಿನ ಆಚೆ, ಒಡೆದ ಮಡಕೆಗಳನ್ನು ಸುರಿಯುವ ದಿಬ್ಬದ ಮೇಲೆ ಇಟ್ಟು ಬರುತ್ತಿದ್ದ. ಹೊತ್ತು ಮುಳುಗಿದರೆ ನಾಯಿಗಳು ಬರುತ್ತಿದ್ದವು.

ಇದನ್ನು ಯಾರೂ ಕ್ರೌರ್ಯ ಎಂದುಕೊಂಡಿರಲಿಲ್ಲ. ಅಜ್ಜ ಹಾಗೆ ಮಾಡಿದ್ದ, ಮುತ್ತಜ್ಜ ಹಾಗೆ ಮಾಡಿದ್ದ. ಗಡಿ ಕಾಯಲು ಜನ ಸಾಲದು ಎಂದು ಮೂಡಣ ಬಾಗಿಲಲ್ಲಿ ಡಂಗುರ ಸಾರುತ್ತಿದ್ದರು. ಪಡುವಣ ಬಾಗಿಲಾಚೆ ಜನ ಅಳುತ್ತ ಬಿದ್ದಿದ್ದರು. ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡವರು ಆ ಊರಿನಲ್ಲಿ ಇರಲಿಲ್ಲ.

ಒಬ್ಬ ಅಧಿಕಾರಿಗೆ ಮೇಲಿನಿಂದ ಅಪ್ಪಣೆ ಬಂತು. ಯೇಸುವಿನ ಜನ ಹೆಚ್ಚುತ್ತಿದ್ದಾರೆ. ಅವರ ಗುಟ್ಟು ಏನೆಂದು ಪತ್ತೆ ಮಾಡು. ಅಧಿಕಾರಿ ಚುರುಕಿನವನು. ಮೊದಲು ಅವರ ಪುಸ್ತಕ ಕಿತ್ತುಕೊಂಡ. ಅವರಿಗೆ ಅದು ಬಾಯಿಪಾಠವಾಗಿತ್ತು. ಅವರು ಸೇರುವ ಮನೆ ಕೆಡವಿಸಿದ. ಅವರು ಹೊಳೆಯ ದಂಡೆಯಲ್ಲಿ ಸೇರಿದರು. ಅವರ ಮುಖಂಡನನ್ನು ಕೊಲ್ಲಿಸಿದ. ಮಾರನೆಯ ವಾರ ಒಬ್ಬ ಚಪ್ಪಲಿ ಹೊಲಿಯುವವನು ಅದೇ ಜಾಗದಲ್ಲಿ ನಿಂತು ಪ್ರಾರ್ಥನೆ ಹೇಳಿದ.

ಅಷ್ಟರಲ್ಲಿ ಊರಿನಲ್ಲಿ ಒಂದು ಮಾತು ಹಬ್ಬಿತು. ಅವರ ಪೈಕಿಯ ಒಬ್ಬ ಮುದುಕಿ ದಿನಾ ಸಂಜೆಗೆ ಮುಂಚೆ ದಿಬ್ಬದಿಂದ ಕೂಸುಗಳನ್ನು ಹೊತ್ತೊಯ್ಯುತ್ತಾಳಂತೆ. ಯಾಕೆ ಹೊತ್ತೊಯ್ಯುತ್ತಾಳೆ? ತಿನ್ನಲಿಕ್ಕೇ ಇರಬೇಕು. ಊರ ಬಾಯಿಗೆ ಬೀಗ ಹಾಕುವವರು ಯಾರು? ಊರು ರೊಚ್ಚಿಗೆದ್ದಿತು. ಕೂಸನ್ನು ಎಸೆದವರೂ ಬೀದಿಗೆ ಬಂದು ‘ಅಯ್ಯೋ ಪಾಪ, ಎಳೆಯ ಕೂಸುಗಳು’ ಎಂದು ಎದೆ ಬಡಿದುಕೊಂಡರು. ನಗಬೇಡ ಚನ್ನವೀರ, ನಮ್ಮ ಊರಿನ ನ್ಯಾಯವೂ ಇದಕ್ಕಿಂತ ಭಿನ್ನವಾಗಿಲ್ಲ.

ಅಧಿಕಾರಿ ಅವರಲ್ಲಿ ಸಿಕ್ಕವರನ್ನೆಲ್ಲ ಹಿಡಿಸಿದ. ದಿಬ್ಬದಿಂದ ಕೂಸು ಎತ್ತಿದವರು ಯಾರೇ ಆಗಲಿ, ಯೇಸುವಿನ ಜನ ಎಂದೇ ತಿಳಿದು ಸೆರೆಗೆ ಹಾಕತಕ್ಕದ್ದು ಎಂದು ಬರೆಸಿ, ತನ್ನ ಮುದ್ರೆ ಒತ್ತಿ, ಪಡುವಣ ಬಾಗಿಲಿಗೆ ಅಂಟಿಸಿದ. ಆಮೇಲೆ ಮುದುಕಿಯನ್ನು ಎದುರಿಗೆ ನಿಲ್ಲಿಸಿಕೊಂಡ.

“ಕೂಸುಗಳನ್ನು ಒಯ್ದು ಏನು ಮಾಡುತ್ತೀರಿ?”

“ಮೊದಲು ಮೈ ಒರೆಸ್ತೀವಿ ಸ್ವಾಮಿ. ಆಮೇಲೆ ಹಾಲು ಕುಡಿಸ್ತೀವಿ.”

“ಅದಲ್ಲ. ಯಾಕೆ ಒಯ್ಯುತ್ತೀರಿ?”

ಮುದುಕಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸ್ವಲ್ಪ ಯೋಚಿಸಿ, “ಅಳ್ತಾ ಇರ್ತವೆ” ಎಂದಳು.

ಅವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಅಧಿಕಾರಿಗೆ ಅನಿಸಿತು. ಅವನ ಜನ ಅವಳ ಕಾಲಿಗೆ ಹೊಡೆದರು. ಆದರೂ ಅವಳು ಬೇರೆ ಏನನ್ನೂ ಹೇಳಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಅವನಿಗೆ ಬೇಸರವಾಯಿತು. ಮಾರನೆಯ ಬೆಳಿಗ್ಗೆ ಉಳಿದವರನ್ನೆಲ್ಲ ವಿಚಾರಣೆಗೆ ದೂರದ ರಾಜಧಾನಿಗೆ ಸಾಗಿಸಿದ. ಮುದುಕಿ ಇನ್ನು ನಡೆಯಲಾರಳು ಎಂದು ಅವಳನ್ನು ಮಾತ್ರ ಸೆರೆಮನೆಯಲ್ಲೇ ಬಿಟ್ಟ. ಕೆಲಸ ಮುಗಿಯಿತು ಎಂದು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದ.

ಮನೆಯಲ್ಲಿ ಅವನ ಹೆಂಡತಿ ಹೆತ್ತಿದ್ದಳು. ಹೆಣ್ಣು. ಇದಕ್ಕೆ ಮುಂಚೆ ಎರಡು ಹೆಣ್ಣಿದ್ದವು. ಕೂಸು ನೆಲದ ಮೇಲಿತ್ತು.

ಊರಿಗೆ ಅವನು ಅಧಿಕಾರಿ. ಮನೆಗೆ ಅವನ ಅಪ್ಪ ಹಿರಿಯ. ಅಪ್ಪ ಬದುಕಿರುವವರೆಗೆ ಮಗನಿಗೆ ತನ್ನ ಕೂಸನ್ನು ತಾನೇ ಎತ್ತಿಕೊಳ್ಳುವ ಹಕ್ಕಿರಲಿಲ್ಲ. ಅಪ್ಪ ಕೆಟ್ಟವನಲ್ಲ. ಸಾಮ್ರಾಜ್ಯದ ಹಳೆಯ ವೈಭವ ನೆನೆದು ಕಣ್ಣೀರು ಹಾಕುವ ಮನುಷ್ಯ. ಅವನು ಕೂಸನ್ನು ನೋಡಿದ. ಮಗ ಅಪ್ಪನ ಮುಖವನ್ನೇ ನೋಡುತ್ತಿದ್ದ. ಅಪ್ಪ ಬಗ್ಗಲಿಲ್ಲ. ‘ಈ ಮನೆಗೆ ಎರಡು ಸಾಕು’ ಎಂದು ಹೇಳಿ ಮಲಗಲು ಹೋದ. ಆಳು ಬಂದು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ.

ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳು ಅಳುತ್ತಿರಲಿಲ್ಲ. “ಹೆದರ್ಕೋಬೇಡಿ” ಎಂದು ಗಂಡನಿಗೇ ಧೈರ್ಯ ಹೇಳಿದಳು. “ಹೊತ್ತು ಮುಳುಗೋಕೆ ಮುಂಚೆ ಅಲ್ಲಿಗೆ ಒಬ್ಬ ಮುದುಕಿ ಬರ್ತಾಳಂತೆ. ನಮ್ಮ ಬೀದಿಯ ಹೆಂಗಸರಿಗೆಲ್ಲ ಗೊತ್ತು. ಅವಳು ಒಂದನ್ನೂ ಬಿಡೋದಿಲ್ಲವಂತೆ.”

ಮುದುಕಿಯನ್ನು ಕೂಡಿಹಾಕಿದ ಬೀಗದ ಕೈ ಅವನ ಸೊಂಟದಲ್ಲಿತ್ತು. ಅವನು ಹೊರಗೆ ಬಂದ.

ಊರು ಮಲಗಿತ್ತು. ಬಿಸಿಲಿಗೆ ದಾರಿ ನೀರಿನಂತೆ ಅಲುಗುತ್ತಿತ್ತು. ನಾಯಿಗಳು ಮೂರ್ತಿಗಳ ನೆರಳಿನಲ್ಲಿ ಮಲಗಿದ್ದವು. ಅವನು ಓಡುತ್ತಿದ್ದ, ಆದರೆ ತನ್ನ ಕಾಲಿನ ಸದ್ದು ತನಗೇ ಕೇಳಿಸುತ್ತಿರಲಿಲ್ಲ. ಒಂದು ಕಿಟಕಿಯೂ ತೆರೆಯಲಿಲ್ಲ. ತಾನೊಬ್ಬನೇ ಎಚ್ಚರವಿದ್ದೇನೋ, ತಾನೂ ಯಾರದೋ ಕನಸಿನಲ್ಲಿ ಓಡುತ್ತಿದ್ದೇನೋ ಅವನಿಗೆ ತಿಳಿಯಲಿಲ್ಲ. ಸೆರೆಮನೆಯ ಬಾಗಿಲು ತೆಗೆದು ಒಳಗೆ ಹೋದ.

“ಏಳವ್ವ. ದಿಬ್ಬಕ್ಕೆ ಹೋಗು. ನನ್ನ ಕೂಸು ಅಲ್ಲಿದೆ.”

ಮುದುಕಿ ಅವನ ಮುಖ ನೋಡಿದಳು. ಹಂಗಿಸಲಿಲ್ಲ. “ಕಾಲು ನೆಲಕ್ಕೆ ಊರಕ್ಕಾಗಲ್ಲ ಸ್ವಾಮಿ. ನೀವೇ ಹೋಗಿ.”

“ನನಗೆ ಎತ್ತುವ ಹಕ್ಕಿಲ್ಲ.”

“ಹಕ್ಕು ನಮಗೂ ಇಲ್ಲ” ಎಂದಳು ಮುದುಕಿ. “ತಲೆ ಕೆಳಗೆ ಕೈ ಕೊಟ್ಟು ಎತ್ತಿ. ಎಳೇ ಕತ್ತು, ನಿಲ್ಲಲ್ಲ.”

ಅವರ ಧರ್ಮದಿಂದ ಅವನಿಗೆ ಸಿಕ್ಕ ಉಪದೇಶ ಇಷ್ಟೇ. ಪುಸ್ತಕ ಕಿತ್ತುಕೊಂಡಾಗ ಅವನು ಅದನ್ನು ತಿರುವಿ ಹಾಕಿದ್ದ, ಒಂದಕ್ಷರವೂ ನೆನಪಿರಲಿಲ್ಲ. ಈ ಮಾತನ್ನು ಮಾತ್ರ ದಾರಿಯುದ್ದಕ್ಕೂ ಹೇಳಿಕೊಂಡು ಹೋದ. ಪಡುವಣ ಬಾಗಿಲಲ್ಲಿ ಅವನದೇ ಕಾಗದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಾವಲುಗಾರ ಎದ್ದು ನಿಂತು ನಮಸ್ಕಾರ ಮಾಡಿದ. ಅಧಿಕಾರಿ ದಾಟಿ ಹೋದ.

ದಿಬ್ಬದ ಮೇಲೆ ಎರಡು ಗಂಟುಗಳಿದ್ದವು. ಎರಡೂ ಅಳುತ್ತಿದ್ದವು. ಅವನು ಬಿಚ್ಚಿ ನೋಡಿದ. ಎರಡೂ ಹೆಣ್ಣು, ಎರಡೂ ಅಂದೇ ಹುಟ್ಟಿದವು, ಎರಡಕ್ಕೂ ಅದೇ ಕೆಂಪು ಮುಖ, ಬಿಗಿಹಿಡಿದ ಮುಷ್ಟಿ. ಸುತ್ತಿದ ಬಟ್ಟೆ ಎಲ್ಲ ಮನೆಗಳಲ್ಲೂ ಸಿಗುವ ಹಳೆಯ ಬಟ್ಟೆ. ಮಗಳು ನೆಲದ ಮೇಲಿದ್ದಾಗ ಅವನು ನೋಡುತ್ತಿದ್ದದ್ದು ಅಪ್ಪನ ಮುಖವನ್ನು. ಅವನಿಗೆ ಬಹಳ ನಾಚಿಕೆಯಾಯಿತು. ಆಮೇಲೆ ಬಗ್ಗಿದ. ತಲೆ ಕೆಳಗೆ ಕೈ ಕೊಟ್ಟು ಒಂದನ್ನು ಎತ್ತಿಕೊಂಡ, ಹಾಗೆಯೇ ಇನ್ನೊಂದನ್ನೂ ಎತ್ತಿಕೊಂಡ.

ಬಾಗಿಲಲ್ಲಿ ಕಾವಲುಗಾರ ಅವನನ್ನು ನೋಡಿದ, ಅಂಟಿಸಿದ ಕಾಗದವನ್ನು ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ, ಆದರೆ ಮುದ್ರೆ ಗುರುತು ಸಿಗುತ್ತಿತ್ತು. ‘ಬರೆದದ್ದು ಬರೆದ ಹಾಗೆ ಆಗಲಿ’ ಎಂದು ಅಧಿಕಾರಿ ತಾನೇ ಮುಂದೆ ನಡೆದ. ಕಾವಲುಗಾರ ಹಿಂದೆ ಹೋಗಿ ಅವನನ್ನು ಮುದುಕಿಯ ಕೋಣೆಯಲ್ಲೇ ಕೂಡಿಹಾಕಿದ. ಮುದುಕಿ ಕೂಸುಗಳನ್ನು ಮಡಿಲಿಗೆ ತೆಗೆದುಕೊಂಡು ಮೈ ಒರೆಸಿದಳು. ಒರೆಸಿದ ಮೇಲೆ ಕುಡಿಸಲು ಹಾಲಿರಲಿಲ್ಲ. ಕೂಸುಗಳ ಅಳು ಗೋಡೆಯಾಚೆ ಬೀದಿಗೆ ಕೇಳಿಸುತ್ತಿತ್ತು.

ಸ್ವಲ್ಪ ಹೊತ್ತಿಗೆ ಕಾವಲುಗಾರನ ಹೆಂಡತಿ ಬಂದಳು. ಅವಳ ಕೂಸನ್ನು ಹೋದ ವಾರ ಅವಳ ಮಾವ ಎತ್ತಿರಲಿಲ್ಲ. ಎದೆಯಲ್ಲಿ ಹಾಲು ಇನ್ನೂ ಬತ್ತಿರಲಿಲ್ಲ. ಅವಳು ಯಾರನ್ನೂ ಏನೂ ಕೇಳದೆ ಒಳಗೆ ಬಂದು ಕೂತು ಎರಡಕ್ಕೂ ಕುಡಿಸಿದಳು. ಅವಳ ಗಂಡ ಬಾಗಿಲು ಹಾಕಬೇಕಾಗಿತ್ತು. ಹಿಡಿದುಕೊಂಡು ನಿಂತ, ಹಾಕಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚನ್ನವೀರ ತಡೆಯಲಾರದೆ ಕೇಳಿದ: “ಬುದ್ಧಿ, ಆ ಎರಡರಲ್ಲಿ ಅವನ ಮಗಳು ಯಾವುದು?”

“ಅದು ಗೊತ್ತಿದ್ದಿದ್ದರೆ ಅವನು ಒಂದನ್ನೇ ಎತ್ತಿಕೊಂಡು ಬರುತ್ತಿದ್ದ” ಎಂದರು ಗುರುಗಳು.