ನುಂಗಲಾರದ ಅರಸನ ಮೂರು ಪ್ರಶ್ನೆ

"ಕೇಳಿರಿ, ಕೇಳಿರಿ. ದೊರೆ ಬೊಪ್ಪರಸರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ಶೂಲ."

ತಾನೇ ಸಾರಿಸಿದ ಡಂಗುರ ಕೇಳಿ ಬೊಪ್ಪರಸ ಮೈ ಹಿಡಿಯಾಗಿಸಿಕೊಂಡ. ಹಿಂದಿನ ವರ್ಷ ಅವನ ಗಂಟಲಲ್ಲಿ ಏಡಿಗಂತಿ ಎಂಬ ಕೊಲ್ಲುವ ಗಡ್ಡೆ ಎದ್ದಿತ್ತು. ವೈದ್ಯರು ಸುಟ್ಟು ತೆಗೆದರು. ಗಂತಿ ಹೋಯಿತು, ಗಂಟಲು ಮಾತ್ರ ದಿನದಿನಕ್ಕೆ ಕಿರಿದಾಯಿತು. ಆ ನಾಡಿನ ಪಂಕ್ತಿಯಲ್ಲಿ ಅರಸ ಮೊದಲ ತುತ್ತು ನುಂಗದೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಯುಗಾದಿಯಂದು ನಾನೂರು ಜನರೆದುರು ಅವನ ತುತ್ತು ಎಲೆಗೇ ವಾಪಸಾಯಿತು. ಅಂದಿನಿಂದ ಪರದೆಯ ಹಿಂದೆ ತಿಳಿಗಂಜಿ. "ಅರಸರು ವ್ರತದಲ್ಲಿದ್ದಾರೆ" ಎಂದ ಮಂತ್ರಿ. ಜನ ಭಕ್ತಿಯಿಂದ ಕೈಮುಗಿದರು. ಅದು ಅವನಿಗೆ ಇನ್ನೂ ಹೆಚ್ಚಿನ ನಾಚಿಕೆ.

ಮೊದಲ ಒಗಟು ಹೀಗಿತ್ತು: ಶತ್ರು ಸತ್ತ, ಬೆಂಕಿ ಆರಿತು, ಆದರೂ ಕೋಟೆಬಾಗಿಲು ಮುಚ್ಚಿಕೊಳ್ಳುತ್ತಲೇ ಇದೆ. ಮುಚ್ಚುವವರು ಯಾರು?

"ಹೆದರಿದ ಕಾವಲುಗಾರ" ಎಂದ ನೆರೆನಾಡಿನ ರಾಜಕುಮಾರ. "ಮಾಯೆ" ಎಂದರು ಮುದಿ ಪಂಡಿತರೊಬ್ಬರು. ಅವರು ಯಾವುದಕ್ಕೂ ಹಾಗೇ ಅನ್ನುವವರು. ಇಬ್ಬರೂ ಸೆರೆಮನೆ ಸೇರಿದರು.

ಆಮೇಲೆ ಬುಟ್ಟಿ ಹೆಣೆಯುವ ದ್ಯಾವ ಬಂದ.

"ಬುಟ್ಟಿ ಮಾರೋಕಾದರೆ ಹಿಂಬಾಗಿಲಿಗೆ ಹೋಗಪ್ಪ" ಎಂದ ಮಂತ್ರಿ.

"ಇಲ್ಲ ಬುದ್ಧಿ, ತಲೆ ಮಾರೋಕೆ ಬಂದೀನಿ."

ಒಗಟು ಕೇಳಿ ದ್ಯಾವ ಬಲಗೈ ಚಾಚಿದ. ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. "ವಾಸಿಯಾದ ಗಾಯವೇ ಮುಚ್ಚೋದು. ಬಿದಿರು ಕಾಸುವಾಗ ಸುಟ್ಕೊಂಡೆ. ಗಾಯ ಮಾಯ್ತು, ಚರ್ಮ ಎಳ್ಕೊಂತು."

ಅರಸ ಎರಡನೆಯದನ್ನು ಕೇಳಿದ: "ಹಿಗ್ಗಿಸಿದರೂ ಮತ್ತೆ ಕುಗ್ಗುವ ದಾರಿ. ಅದನ್ನು ಹಗಲೂ ರಾತ್ರಿ ತೆರೆದು ಹಿಡಿಯುವ ಕಾವಲುಗಾರ ಯಾರು?"

ದ್ಯಾವ ಅಲ್ಲೇ ಕೂತು ಬಿದಿರಿನ ಎಳೆಗಳನ್ನು ಮಡಚಿದ ಬಲಗೈಯಲ್ಲಿ ಒತ್ತಿ ಹಿಡಿದು, ಎಡಗೈಯಿಂದ ಕಣ್ಣುಕಣ್ಣಾಗಿ ಹೆಣೆದು ಕೊಳವೆ ಮಾಡಿದ. ಎಳೆದರೆ ಕಡ್ಡಿಯಷ್ಟು ಸಣ್ಣ. ಹಾಗೇ ಎಳೆದು ಹಿಡಿದು, ಸುರುಳಿ ಸುತ್ತಿದ ವೀಳ್ಯದೆಲೆಯೊಳಗೆ ತೂರಿಸಿ ಕೈಬಿಟ್ಟ. ಕೊಳವೆ ಅರಳಿತು, ಎಲೆಯೂ ಅರಳಿ ನಿಂತಿತು. "ಇವನೇ ಬುದ್ಧಿ."

ಅರಸ ಆ ಎಲೆಯತ್ತ ಬಾಗಿದ. ಈ ಒಗಟಿನ ಉತ್ತರ ಅವನಿಗೇ ಗೊತ್ತಿರಲಿಲ್ಲ.

"ಏನನ್ನು ಬೇಕಾದರೂ ಅಪ್ಪಣೆ ಮಾಡಬಲ್ಲವನು ಬಾಯಿಬಿಟ್ಟು ಕೇಳಲಾರದ್ದು ಯಾವುದು?" ಎಂದ ಮೂರನೆಯದಾಗಿ.

ದ್ಯಾವ ಅವನ ಒಣಗಿದ ಕೊರಳನ್ನು ನೋಡಿದ. ದನಿ ತಗ್ಗಿಸಿದ. "ನೆರವು. ಬೆರಳು ಮಡಚಿದ ಮೇಲೆ ಒಂದು ವರ್ಷ ನಾನೂ ಮದುವೆಮನೆಗಳಿಗೆ ಹೋಗಲಿಲ್ಲ, ಬುದ್ಧಿ. ಅನ್ನ ಕಲಸಿಕೊಡಿ ಅನ್ನೋಕೆ ಆಗಲಿಲ್ಲ."

'ತಪ್ಪು' ಎಂದಿದ್ದರೆ ಸಾಕಿತ್ತು. ಗುಟ್ಟು ದ್ಯಾವನ ಜೊತೆ ಶೂಲಕ್ಕೇರುತ್ತಿತ್ತು. ಬೊಪ್ಪರಸ ಪೀಠದಿಂದ ಎದ್ದು ನಿಂತ.

"ಸರಿ" ಎಂದ, ಎಲ್ಲರಿಗೂ ಕೇಳುವಂತೆ. "ವ್ರತವೂ ಇಲ್ಲ, ಏನೂ ಇಲ್ಲ. ನನ್ನ ಗಂಟಲು ಮುಚ್ಚಿದೆ. ಮದ್ದು ಕೇಳಲು ನಾಚಿ ಒಗಟು ಮಾಡಿದೆ."

ಸೆರೆಯಾಳುಗಳನ್ನು ಬಿಟ್ಟರು. ದ್ಯಾವನ ಹೆಣಿಗೆ ನೋಡಿ ವೈದ್ಯರು ಬೆಳ್ಳಿ ತಂತಿಯ ಕೊಳವೆ ಮಾಡಿಸಿ ಗಂಟಲೊಳಗಿಟ್ಟರು. "ಜಾರಬಹುದು. ಜಾರಿದರೆ ತೆಗೆದು ಬೇರೆ ಇಡೋಣ" ಎಂದೂ ಹೇಳಿದರು. ದ್ಯಾವ ಅರ್ಧ ರಾಜ್ಯ ತೆಗೆದುಕೊಂಡ. ಬೇಡವೆನ್ನಲು ಅವನೇನು ಸನ್ಯಾಸಿಯಲ್ಲ.

ಮತ್ತೆ ಪಂಕ್ತಿ ಹಾಕಿದರು. ಅರಸ ಒಂದು ಪಕ್ಕಕ್ಕೆ ದ್ಯಾವನನ್ನು, ಇನ್ನೊಂದು ಪಕ್ಕಕ್ಕೆ ಪಂಡಿತರನ್ನು ಕೂರಿಸಿಕೊಂಡ. ಮೆತ್ತಗಿನ ಅನ್ನ ಬಹಳ ಹೊತ್ತು ಅಗಿದ. ತುತ್ತು ನಡುದಾರಿಯಲ್ಲಿ ತಡೆಯಿತು. ನಾನೂರು ಜನ ಕಾದರು.

"ಪಂಡಿತರೇ, ಸ್ವಲ್ಪ ನೀರು ಕೊಡ್ತೀರಾ" ಎಂದ.

ತಾನು ಶೂಲಕ್ಕೇರಿಸಹೊರಟಿದ್ದ ಮುದುಕರ ಮುಖ ನೋಡಲಾಗದೆ ಲೋಟವನ್ನಷ್ಟೇ ನೋಡುತ್ತ ಕುಡಿದ. ತುತ್ತು ಇಳಿಯಿತು. ನಾನೂರು ಕೈಗಳು ಎಲೆಗೆ ಹೋದವು.