ರಾಜಿಯಾಗಿ ಬರ್ರಿ ಅಂದ ದಾನೇಲಪ್ಪ

ಜಾಣರ ಕತೆ ಕೇಳಿ ಕೇಳಿ ಬೇಸರವಾಗಿದ್ದರೆ ಇತ್ತ ಬನ್ನಿ, ಒಬ್ಬ ಪೆದ್ದನ ಕತೆ ಹೇಳುತ್ತೇನೆ. ಜಾಣರೂ ಇದ್ದಾರೆ ಇದರಲ್ಲಿ, ಬೇಕಾದಷ್ಟು ಇದ್ದಾರೆ. ಕೆಟ್ಟದ್ದೂ ಅವರಿಂದಲೇ.

ಗದಗಿನ ಕಡೆ ಒಂದೂರು, ಆ ಊರಲ್ಲೊಂದು ಚರ್ಚು. ಚರ್ಚಿನ ಗಂಟೆ ಹೊಡೆಯುವವನು ದಾನೇಲಪ್ಪ. ವಯಸ್ಸು ಮೂವತ್ತನಾಲ್ಕು, ಬುದ್ಧಿ ನಾಲ್ಕು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯ. ಒಮ್ಮೆ ಗಂಟೆ ಹೊಡಿ ಅಂದವರು ನಿಲ್ಲಿಸು ಅನ್ನುವುದನ್ನು ಮರೆತರು, ಮಧ್ಯಾಹ್ನದವರೆಗೂ ಹೊಡೆದಿದ್ದ. ಅವನ ತಾಯಿ ರಾಹೇಲವ್ವನಿಗೆ ಹಗಲೂ ರಾತ್ರಿ ಒಂದೇ ಚಿಂತೆ. ಇವನಿಗೆ ಯಾರು ಹೆಣ್ಣು ಕೊಟ್ಟಾರು? ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ರೊಟ್ಟಿ ಯಾರು ಬಡಿದಾರು?

ಆ ಚರ್ಚಿನಲ್ಲಿ ಹಾಡುವ ಮೇಳ ಒಂದೇ, ಪಂಗಡ ಎರಡು. ಹಾರ್ಮೋನಿಯಂ ಬಾರಿಸುವ ಜ್ಞಾನಪ್ಪ ಮಾಸ್ತರದು ಒಂದು, ಕೀಬೋರ್ಡ್ ಬಾರಿಸುವ ನರ್ಸ್ ಪ್ರಫುಲ್ಲಾದು ಇನ್ನೊಂದು. ಮಾಸ್ತರು ಪೆಟ್ಟಿಗೆಯ ಎರಡನೇ ಕರಿ ಮನೆ, ಕರಿ ಎರಡರಲ್ಲಿ ಶ್ರುತಿ ಕೊಟ್ಟರೆ ಪ್ರಫುಲ್ಲಾ ಕರಿ ಮೂರರಲ್ಲೇ ಶುರು ಮಾಡಬೇಕು. ಆರು ವರ್ಷದಿಂದ ದೇವರು ಎರಡನ್ನೂ ಕೇಳಿಕೊಂಡು ಸುಮ್ಮನಿದ್ದ. ಮೇಳಕ್ಕೊಬ್ಬ ಮುಖಂಡ ಬೇಕಾದಾಗ ಇವರಾದರೆ ಅವರು ಒಲ್ಲರು, ಅವರಾದರೆ ಇವರು ಒಲ್ಲರು. ಕೊನೆಗೆ ಎರಡೂ ಕಡೆಯವರು ಕೂಡಿ ದಾನೇಲಪ್ಪನನ್ನು ಆರಿಸಿದರು. ಅವನಾದರೆ ನಮ್ಮ ಮಾತು ಕೇಳುತ್ತಾನೆ ಅಂತ ಒಳಗೊಳಗೇ ಇಬ್ಬರದೂ ಲೆಕ್ಕ.

ರಾಹೇಲವ್ವ ಹಿಗ್ಗಿ ಹೀರೇಕಾಯಿಯಾದಳು. ಮಗ ಮುಖಂಡನಾದ ಅಂತ ಹಾವೇರಿಯ ಒಬ್ಬರಿಗೆ ಹೇಳಿಕಳಿಸಿದಳು. ಅವರಿಗೊಬ್ಬ ಮಗಳು, ಸುಗುಣಾ. ಸುಗ್ಗಿ ಹಬ್ಬದ ಭಾನುವಾರ ಆರಾಧನೆಗೇ ಬಂದು ಹುಡುಗನನ್ನು ನೋಡುತ್ತೇವೆ ಅಂದರು. ಅದಕ್ಕೆ ಇನ್ನು ನಾಲ್ಕು ವಾರ.

"ನೋಡಪ್ಪಾ, ಯಾರಿಗೂ ಬ್ಯಾಡ ಅನಬ್ಯಾಡ. ಇಬ್ಬರ ಮಾತೂ ನಡಸು" ಅಂತ ತಾಯಿ ಬುದ್ಧಿ ಹೇಳಿದಳು.

ಮೊದಲ ಭಾನುವಾರ ಮಾಸ್ತರು ದಾನೇಲಪ್ಪನ ಹತ್ತಿರ ಬಂದು ಶಿಲುಬೆಯ ದುಃಖದ ಕೀರ್ತನೆ ಹಾಡೋಣ ಅಂದರು. ಆಗಲಿ ಅಂದ. ಪ್ರಫುಲ್ಲಾ ಕೈ ತಟ್ಟುವ ಹೊಸ ಹಾಡು ಹಾಡೋಣ ಅಂದಳು. ಆಗಲಿ ಅಂದ. ಆಮೇಲೆ ಎರಡನ್ನೂ ಒಟ್ಟಿಗೇ ಶುರು ಮಾಡಿಸಿದ. ದುಃಖದ ಹಾಡು ಮುಂದೆ ಮುಂದೆ, ಡ್ರಮ್ಮು ಹಿಂದೆ ಹಿಂದೆ. ತೊಟ್ಟಿಲ ಕೂಸುಗಳೆಲ್ಲ ಅತ್ತವು.

ಮನೆಗೆ ಬಂದ ಮೇಲೆ ರಾಹೇಲವ್ವ ಹಣೆ ಚಚ್ಚಿಕೊಂಡಳು. "ಖೋಡಿ, ಒಬ್ಬರದು ಮುಗಿದ ಮ್ಯಾಲೆ ಇನ್ನೊಬ್ಬರದು ಶುರು ಮಾಡಬೇಕೋ!"

ಎರಡನೇ ಭಾನುವಾರ ಎರಡೂ ಕಡೆಯವರು ನಾಚಿಕೊಂಡು, ಎಲ್ಲರೂ ಕೂಡಿ ಒಂದೇ ಹಾಡು ಹಾಡೋಣ ಅಂದರು. ಆರು ವರ್ಷದಲ್ಲಿ ಹುಟ್ಟಿದ್ದು ಅದೊಂದೇ ಒಳ್ಳೆಯ ಬುದ್ಧಿ. ದಾನೇಲಪ್ಪ ಬಿಟ್ಟರೆ ತಾನೆ? ಒಬ್ಬರದು ಮುಗಿಯಲಿ ಅಂದ. ಐದೂ ಚರಣ ಹಾರ್ಮೋನಿಯಂ ಒಂದೇ ನುಡಿಯಿತು. ಐದೂ ಚರಣ ತಬಲಾ ಒಂದೇ ನುಡಿಯಿತು. ಆಮೇಲೆ ಕೀಬೋರ್ಡು, ಆಮೇಲೆ ಡ್ರಮ್ಮು, ಆಮೇಲೆ ಹಾಡುವವರು ಒಬ್ಬೊಬ್ಬರಾಗಿ. ಎಲ್ಲ ಮುಗಿಯುವಾಗ ಗಂಟೆ ಒಂದೂವರೆ. ಊರೊಳಗೆ ಎಷ್ಟು ಮನೆಯಲ್ಲಿ ಸಾರು ಸೀದಿತೋ ದೇವರಿಗೇ ಗೊತ್ತು.

ರಾಹೇಲವ್ವ ಮತ್ತೆ ಬೈದಳು. ಹೊತ್ತು ಮೀರಿದರೆ, ಎದುರಿಗೆ ಯಾರೇ ಇರಲಿ, ಕೈ ಎತ್ತಿ ಸಾಕು ಅನ್ನಬೇಕು ಅಂತ ಹೇಳಿಕೊಟ್ಟಳು.

ಮೂರನೇ ಭಾನುವಾರ ಹಾಡು ಬೇಗ ಮುಗಿದವು. ಪಾಸ್ಟರ್ ಪ್ರಸಂಗಕ್ಕೆ ನಿಂತರು. ಮೇಳದವರತ್ತ ನೋಡಿ ನೋಡಿ ಗುಡುಗಿದರು. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡವರು ಕಾಣಿಕೆಯನ್ನು ಇಲ್ಲೇ ಬಿಟ್ಟು ಹೊರಗೆ ಹೋಗಿರಿ, ಮೊದಲು ರಾಜಿಯಾಗಿರಿ, ಆಮೇಲೆ ಒಳಗೆ ಬನ್ನಿರಿ ಅಂದರು. ಅದನ್ನೇ ತಿರುವಿ ತಿರುವಿ ಮುಕ್ಕಾಲು ಗಂಟೆ ಅಂದರು. ದಾನೇಲಪ್ಪ ಎದ್ದ, ಕೈ ಎತ್ತಿದ. "ಸಾಕ್ರಿ" ಅಂದ. ಸಭೆಯವರೆಲ್ಲ ಮುಖ ಸಿಂಡರಿಸಿದರು, ಒಳಗೊಳಗೇ ಅವನ ಹೊಟ್ಟೆ ತಣ್ಣಗಿರಲಿ ಅಂದರು.

ರಾಹೇಲವ್ವ ಆ ದಿನ ಊಟ ಮಾಡಲಿಲ್ಲ. ನಾಲ್ಕನೇ ಭಾನುವಾರವೇ ಸುಗ್ಗಿ ಹಬ್ಬ. ಮಗನ ಎರಡೂ ಕೈ ಹಿಡಿದುಕೊಂಡಳು.

"ಪಾಸ್ಟರ್ ಮಾತು ತಡೀಬ್ಯಾಡ. ಅವರು ಹೇಳಿದಂಗ ಮಾಡು. ಹೆಣ್ಣಿನವರು ಏನರ ಕೇಳಿದ್ರ ನೀನಾಗಿ ಬಾಯಿ ಬಿಡಬ್ಯಾಡ. ಹಿರೇರನ್ನ ಕೇಳು, ಅವರು ಅಂದದ್ದನ್ನ ಹಂಗ ಹೇಳು. ಒಂದು ಅಕ್ಷರ ಹೆಚ್ಚುಕಡಿಮೆ ಆಗಬಾರದು."

"ಆತವ್ವಾ" ಅಂದ ದಾನೇಲಪ್ಪ.

ಸುಗ್ಗಿ ಹಬ್ಬ ಬಂತು. ಬಲಿಪೀಠದ ಮುಂದೆ ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ನಾಲ್ಕು ಕೋಳಿ. ಹಾವೇರಿಯಿಂದ ಸುಗುಣಾ ಬಂದಳು, ಅವಳ ಅಪ್ಪ ಬಂದ. ಮೊದಲ ಹಾಡಿಗೇ ಮಾಸ್ತರು ಕರಿ ಎರಡು ಒತ್ತಿದರು, ಪ್ರಫುಲ್ಲಾ ಕರಿ ಮೂರು ಒತ್ತಿದಳು. ಇಬ್ಬರೂ ಕಣ್ಣಲ್ಲೇ ಕಣ್ಣು ಕಿತ್ತುಕೊಂಡರು.

ಪಾಸ್ಟರ್ ಹೇಳಿದಂಗ ಮಾಡು ಅಂದ ತಾಯಿಯ ಮಾತು ದಾನೇಲಪ್ಪನಿಗೆ ನೆನಪಾಯಿತು. ಹಾರ್ಮೋನಿಯಂ ಎತ್ತಿ ಕುಂಬಳಕಾಯಿಯ ಪಕ್ಕ ಇಟ್ಟ. ಕೀಬೋರ್ಡ್ ಎತ್ತಿ ಕೋಳಿಯ ಪಕ್ಕ ಇಟ್ಟ. "ಹೊರಗ ಹೋಗ್ರಿ. ರಾಜಿಯಾಗಿ ಬರ್ರಿ" ಅಂದ. ಎಲ್ಲರೂ ಪಾಸ್ಟರ್ ಮುಖ ನೋಡಿದರು. ಹೋದ ವಾರ ತಾವೇ ಅಂದ ಮಾತು, ಅವರು ಹೇಗೆ ಅಲ್ಲ ಅಂದಾರು? ಮೇಳದ ಹತ್ತೂ ಜನ ಎದ್ದು ಹೋದರು.

ಆಮೇಲೆ ದಾನೇಲಪ್ಪ ಸಭೆಯ ಕಡೆ ತಿರುಗಿದ. ಜಗಳ ಇದ್ದವರು ಇನ್ನೂ ಯಾರ್ಯಾರು ಇದ್ದೀರಿ ಅಂತ ಕೇಳಿದ. ಸಭೆಯ ಹಿರಿಯರೊಬ್ಬರು ಕೂತೇ ಇದ್ದರು. ಆದರೆ ಅವರ ತಮ್ಮ ಆಚೆ ಬೆಂಚಿನಿಂದ ಗುರಾಯಿಸಿ ನೋಡಿದ. ಇಬ್ಬರೂ ಎದ್ದರು. ಅವರ ಹೆಂಡಂದಿರೂ ಎದ್ದರು. ಬೆಂಚಿಗೆ ಬೆಂಚೇ ಖಾಲಿಯಾಯಿತು. ಸುಗುಣಾಳ ಅಪ್ಪನಿಗೆ ಅಲ್ಲೊಬ್ಬ ಮುನಿಸಿಕೊಂಡ ಹಳೇ ಬೀಗ ಕಂಡ, ಅಪ್ಪನೂ ಎದ್ದ. ರಾಹೇಲವ್ವ ಪ್ರಫುಲ್ಲಾಳ ತಾಯಿಯ ಕೂಡ ಮಾತು ಬಿಟ್ಟು ಒಂಬತ್ತು ವರ್ಷ. ಮಗನನ್ನು ನುಂಗುವ ಹಾಗೆ ನೋಡುತ್ತ ಹೋದಳು. ಕೊನೆಗೆ ಪಾಸ್ಟರೂ ಪುಸ್ತಕ ಮುಚ್ಚಿ ಮೆಲ್ಲಗೆ ಮೆಟ್ಟಿಲಿಳಿದರು.

ಒಳಗೆ ಉಳಿದವರು ದಾನೇಲಪ್ಪ, ಸುಗುಣಾ, ಮುದುಕಿ ಮರಿಯವ್ವ. ಮರಿಯವ್ವನಿಗೆ ಕಿವಿ ಕೇಳುವುದಿಲ್ಲ, ಯಾರು ಏನು ಅಂದದ್ದೂ ಗೊತ್ತಿಲ್ಲ. ಅದಕ್ಕೇ ಯಾರ ಮೇಲೂ ಸಿಟ್ಟಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ನಿಂತರು. ಅವರು ಮೊದಲು ಮಾತಾಡಲಿ ಅಂತ ಇವರು, ಇವರು ಮೊದಲು ಮಾತಾಡಲಿ ಅಂತ ಅವರು.

ಒಳಗೆ ಸುಗುಣಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಿಜ ಹೇಳಬೇಕೆಂದರೆ ಹುಡುಗಿಗೆ ಹುಡುಗ ಹಿಡಿಸಿದ್ದ. ಇಷ್ಟು ಮಂದಿಯನ್ನು ಹೊರಗೆ ಕಳಿಸುವ ಗಂಡಸನ್ನು ಅವಳು ಕಂಡಿರಲಿಲ್ಲ. "ನನಗ ನೀವು ಒಪ್ಪಿಗಿ ಅದೀರಿ. ನಿಮಗ ನಾನು?" ಅಂದಳು.

ದಾನೇಲಪ್ಪ ಬಾಯಿ ಬಿಡಲಿಲ್ಲ. ಹಿರಿಯರನ್ನು ಕೇಳಬೇಕಲ್ಲ? ಹೊರಗೆ ಓಡಿದ. ಹುಡುಗಿ ಒಪ್ಪ್ಯಾಳ, ಒಪ್ಪಿಗೇನು ಅಂತ ನನ್ನನ್ನ ಕೇಳ್ತಾಳ, ಏನ ಹೇಳಲಿ ಅಂದ.

"ಹೂಂ ಅನ್ನೋ, ಪೆದ್ದಾ!" ಅಂತ ಇಡೀ ಸಭೆ ಕೂಗಿತು. ಮಾಸ್ತರ ಶ್ರುತಿಯೂ ಪ್ರಫುಲ್ಲಾಳ ಶ್ರುತಿಯೂ ಆರು ವರ್ಷದಲ್ಲಿ ಮೊದಲ ಸಲ ಕೂಡಿದವು.

ದಾನೇಲಪ್ಪ ಒಳಗೆ ಬಂದ, ಸುಗುಣಾಳ ಎದುರಿಗೆ ನೆಟ್ಟಗೆ ನಿಂತ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆ ಇಲ್ಲ. "ಹೂಂ ಅನ್ನೋ, ಪೆದ್ದಾ" ಅಂದ.

ಸುಗುಣಾಳ ಮುಖ ಕೆಂಪಾಯಿತು.

"ಸಿಟ್ಟು ಬಂತೇನ್ರಿ?"

"ಬರದ ಇರ್ತದೇನು?"

"ಹಂಗಾರ ನೀವೂ ಹೊರಗ ಹೋಗ್ರಿ. ರಾಜಿಯಾಗಿ ಬರ್ರಿ."

"ಯಾರ ಕೂಡ ರಾಜಿ? ಸಿಟ್ಟು ನಿಮ್ಮ ಮ್ಯಾಲೆ ಅದ, ನೀವು ಇಲ್ಲೇ ಅದೀರಿ!"

ಅದು ನನಗೆ ಗೊತ್ತಿಲ್ಲ, ಪಾಸ್ಟರ್ ಹೇಳಿದ್ದಾರೆ ಅಂದ ದಾನೇಲಪ್ಪ, ಬಾಗಿಲು ತೆಗೆದು ಹಿಡಿದ. ಸುಗುಣಾ ಹೋದಳು. ಬೇವಿನ ಮರದ ಕೆಳಗೂ ನಿಲ್ಲಲಿಲ್ಲ, ಅಪ್ಪನ ಕೈ ಹಿಡಿದು ಹಾವೇರಿ ಬಸ್ಸಿಗೇ ಹೋದಳು.

ಆಗ ಸಭೆ ರಾಜಿಯಾಯಿತು ನೋಡಿ. ಮಾಸ್ತರೂ ಪ್ರಫುಲ್ಲಾನೂ ಪಕ್ಕ ಪಕ್ಕ ನಿಂತು, ಅಣ್ಣ ತಮ್ಮ ಹೆಗಲಿಗೆ ಹೆಗಲು ಕೊಟ್ಟು, ಎಲ್ಲರೂ ಒಂದೇ ಬಾಯಿಂದ ದಾನೇಲಪ್ಪನನ್ನು ಬೈದರು. ಆರು ವರ್ಷದ ಗಂಟು ಅವನನ್ನು ಬೈಯುವುದರಲ್ಲಿ ಬಿಚ್ಚಿತು. ರಾಹೇಲವ್ವ ಒಬ್ಬಳು ಬೈಯಲಿಲ್ಲ, ಮೆಟ್ಟಿಲ ಮೇಲೆ ಕೂತು ಅತ್ತಳು.

ಒಳಗೆ ದಾನೇಲಪ್ಪ ಸುತ್ತ ನೋಡಿದ. ತಾನು, ಮರಿಯವ್ವ, ನಾಲ್ಕು ಕೋಳಿ. ಚರ್ಚಿನಲ್ಲಿ ಈಗ ಜಗಳ ಅನ್ನುವುದೇ ಇರಲಿಲ್ಲ. ಸಂತೋಷದಿಂದ ಬಾಗಿಲ ಅಗಳಿ ಹಾಕಿ ಗಂಟೆ ಹೊಡೆಯತೊಡಗಿದ. ಹೊಡೆದ, ಹೊಡೆದ, ಹೊಡೆಯುತ್ತಲೇ ಇದ್ದ. ನಿಲ್ಲಿಸು ಅನ್ನಬೇಕಾದವರೆಲ್ಲ ಹೊರಗಿದ್ದರು.