ಹಿನ್ನೀರಿನ ತಗ್ಗು

"ಅಜ್ಜಿ, ಒಂಬತ್ತು ದಿನದಿಂದ ಕಣ್ಣು ಮುಚ್ಚಿ ಕೂತರೆ ಸಾಕು, ಒಳಗೆ ಓಂಕಾರ ಕೇಳಿಸುತ್ತಿದೆ. ನಾಳೆ ಸತ್ಸಂಗದಲ್ಲಿ ಎಲ್ಲರಿಗೂ ಹೇಳಿಬಿಡಲೇ?" ಎಂದು ಶಿಷ್ಯೆ ಚಂಪಕ ಕೇಳಿದಳು.

ಅಜ್ಜಿ ಹೇಳಿದಳು: ಕಾಲು ಚಾಚಿ ಕೂತುಕೋ ತಾಯಿ, ಗೋಡೆಗೆ ಒರಗು. ಒಂದು ಕತೆ ಇದೆ. ನನಗೂ ಪೂರ್ತಿ ಅರ್ಥವಾಗಿಲ್ಲ. ಇಬ್ಬರೂ ಸೇರಿ ಕೇಳೋಣ.

ಒಬ್ಬ ವಿಜ್ಞಾನಿ ಇದ್ದ. ಆಕಾಶಕ್ಕೆ ಕಿವಿಗೊಡುವ ಯಂತ್ರ ಕಟ್ಟಿದ್ದ. ರೇಡಿಯೋ ದೂರದರ್ಶಕ ಅನ್ನುತ್ತಾರೆ ಅದಕ್ಕೆ. ಆಕಾಶದ ತುಂಬ ಯಾವಾಗಲೂ ಒಂದು ಮೊರೆತ ಇದೆಯಂತೆ. ಲೋಕದ ಮೊದಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಆ ಮೊರೆತದಲ್ಲಿ ಕೂದಲೆಳೆಯಷ್ಟು ತಗ್ಗು ಬಿತ್ತಂತೆ. ಆ ತಗ್ಗು ಸಿಕ್ಕರೆ ಮೊದಲ ನಕ್ಷತ್ರಗಳ ಗುರುತು ಸಿಕ್ಕ ಹಾಗೆ. ಸದ್ದಿಗೆಲ್ಲಿಯ ತಗ್ಗು ಅಂತ ನನ್ನನ್ನು ಕೇಳಬೇಡ. ಹನ್ನೆರಡು ವರ್ಷ ಅವನು ಅದನ್ನೇ ಹುಡುಕಿದ.

ನೆಲದ ಮೇಲಿಟ್ಟರೆ ಯಂತ್ರಕ್ಕೆ ನೆಲದ ಮಾರ್ದನಿಯೂ ಕೇಳುತ್ತದೆ. ಅದಕ್ಕೇ ಅವನು ಅಣೆಕಟ್ಟಿನ ಹಿನ್ನೀರಿಗೆ ಬಂದ. ನಡುನೀರಿನಲ್ಲಿ ತೆಪ್ಪ ನಿಲ್ಲಿಸಿ ಅದರ ಮೇಲೆ ಯಂತ್ರ ಇಟ್ಟ. ದೋಣಿಯಲ್ಲಿ ಕರೆದೊಯ್ಯಲು ಒಬ್ಬ ಅಂಬಿಗನಿದ್ದ.

ನಾಲ್ಕನೆಯ ವಾರ, ಕೇಳಿದ ಮೊರೆತವನ್ನು ಯಂತ್ರ ಕಾಗದದ ಮೇಲೆ ಎಳೆಯುವ ಗೆರೆ ಒಂದು ಕಡೆ ಕೆಳಗಿಳಿಯಿತು. ಮರುದಿನವೂ ಅಲ್ಲೇ ಇಳಿಯಿತು. ವಿಜ್ಞಾನಿ ದಡದ ಮೇಲೆ ಕುಣಿದಾಡಿದ.

"ತಗ್ಗು ಸಿಕ್ಕಿತಯ್ಯಾ, ತಗ್ಗು! ನಾಳೆ ಲೋಕಕ್ಕೆಲ್ಲ ಸಾರುತ್ತೇನೆ."

ಅಂಬಿಗ ಕಣ್ಣುಕಣ್ಣು ಬಿಟ್ಟ. "ಇದನ್ನಾ ಸ್ವಾಮಿ ಇಷ್ಟು ದಿನ ಹುಡುಕಿದ್ದು? ನನ್ನ ಕೇಳಿದ್ರೆ ಮೊದಲ ದಿನಾನೇ ತೋರಿಸ್ತಿದ್ದೆ."

"ನೀನೇನು ತೋರಿಸುತ್ತೀಯೋ?"

"ಬನ್ನಿ."

ತೆಪ್ಪದ ಪಕ್ಕದಲ್ಲಿ ಅಂಬಿಗ ಗಳ ಇಳಿಸಿದ. ಅರ್ಧ ಗಳಕ್ಕೇ ಕಲ್ಲು ತಾಗಿತು. ಒಂದು ಮೊಳ ಸರಿಸಿ ಮತ್ತೆ ಇಳಿಸಿದ. ಗಳ ಪೂರ್ತಿ ಮುಳುಗಿತು, ತಳ ಸಿಗಲಿಲ್ಲ.

"ಊರು ಮುಳುಗೋ ಮೊದಲು ನಮ್ಮವ್ವ ನೀರು ಸೇದ್ತಿದ್ದ ಬಾವಿ. ಸುತ್ತ ಕಲ್ಲಿನ ಕಟ್ಟೆ, ನಡುವೆ ತಗ್ಗು. ನಿಮ್ಮ ಯಂತ್ರ ಭಾರೀ ಚುರುಕು ಬಿಡಿ!"

ವಿಜ್ಞಾನಿ ನಗಲು ಹೋದ. ನಗು ಬರಲಿಲ್ಲ. ತೆಪ್ಪವನ್ನು ಬಾವಿಯಿಂದ ದೂರ, ಆಳದ ನೀರಿಗೆ ಎಳೆಸಿದ. ಅಲ್ಲಿ ಗೆರೆ ಎಲ್ಲೂ ಇಳಿಯಲಿಲ್ಲ. ಬಾವಿಕಟ್ಟೆಯ ಮಾರ್ದನಿಯನ್ನೇ ಅವನು ನಕ್ಷತ್ರಗಳ ಗುರುತು ಅಂದುಕೊಂಡಿದ್ದ. ಲೋಕಕ್ಕೆ ಸಾರಲು ಬರೆದಿಟ್ಟ ಕಾಗದವನ್ನು ಹರಿದು ಹಾಕಿದ. ತೆಪ್ಪದ ಮೇಲೆ ಕೂತು ಅತ್ತ.

ಆಮೇಲೆ ಏನಾಯಿತು ಅನ್ನುತ್ತೀಯಾ? ವಿಜ್ಞಾನಿ ಬೇರೆ ನೀರು ಹುಡುಕಿಕೊಂಡು ಹೋದ. ಎಲ್ಲಿಗೆ ಹೋದರೂ ಮೊದಲು ಗಳ ಇಳಿಸಿ ನೋಡಿದ, ಆಮೇಲೆ ಆಕಾಶಕ್ಕೆ ಕಿವಿಗೊಟ್ಟ. ಹಾಗೇ ಮುದುಕನಾದ. ತಗ್ಗು ಇನ್ನೂ ಸಿಕ್ಕಿಲ್ಲವಂತೆ. ಅಂಬಿಗ ಸಾಯುವವರೆಗೂ ಕಂಡಕಂಡವರನ್ನು ಕೇಳಿದ: "ತಗ್ಗು ಬೇಕು ಅಂದ್ರು, ತೋರಿಸ್ದೆ. ಆ ಮಹಾರಾಯ ಯಾಕೆ ಅತ್ತ?" ಯಾರೂ ಅವನಿಗೆ ತಿಳಿಯುವ ಹಾಗೆ ಹೇಳಲಿಲ್ಲ. ಬಾವಿ ಅಲ್ಲೇ ಇದೆ.

ಚಂಪಕ ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. "ಹಾಗಾದರೆ ನನಗೆ ಕೇಳಿಸುತ್ತಿರುವ ಓಂಕಾರ ಸುಳ್ಳೇ ಅಜ್ಜಿ?"

"ನನಗೇನು ಗೊತ್ತು ತಾಯಿ, ನಿಮ್ಮ ಹಿತ್ತಲಾಚೆ ಆ ಹೊಸ ಹಿಟ್ಟಿನ ಗಿರಣಿ ಶುರುವಾಗಿ ಎಷ್ಟು ದಿನವಾಯಿತು?"